ಹುಟ್ಟುಗುಣಕ್ಕೊಂದು ಅರ್ಜಿ

೧೨ ಜನವರಿ ೧೯೫೯, ಸೋಮವಾರ. ಚಿಂತಾಮಣಿ

ಸರ್ಕಾರಿ ಡೈರಿ ಈ ಸಲವೂ ಎರಡು ಬಂದವು. ಒಂದರಲ್ಲಿ ಕೋರ್ಟಿನ ವಾಯಿದೆ, ಇನ್ನೊಂದರಲ್ಲಿ ನಾನು. ಇಪ್ಪತ್ತೆರಡು ವರ್ಷದಿಂದ ಬೇರೆಯವರು ಹೇಳಿದ್ದನ್ನೇ ಬರೆದುಕೊಂಡ ಕೈ ಇದು. ಇಲ್ಲಿ ಬರೆದದ್ದಕ್ಕೆ ಯಾರೂ ನಂಬರು ಹಾಕುವುದಿಲ್ಲ, ಪಾಟೀಸವಾಲು ಮಾಡುವುದಿಲ್ಲ.

ಇವತ್ತು ಮ್ಯಾಜಿಸ್ಟ್ರೇಟ್ ಸಾಹೇಬರು ನನ್ನ ಕರಡನ್ನು ಹೊಗಳಿದರು. ಅಂಬಾಜಿದುರ್ಗದ ಕಡೆಯ ಒಬ್ಬನನ್ನು ಅಣ್ಣತಮ್ಮಂದಿರು ಗಾಡಿಗೆ ಕಟ್ಟಿ ತಂದಿದ್ದರು. ಅರ್ಜಿ, ಡಾಕ್ಟರ ಸರ್ಟಿಫಿಕೇಟು, ಆಸ್ಪತ್ರೆಗೆ ಸೇರಿಸಬೇಕೆಂಬ ಆರ್ಡರು, ಜೊತೆಗೊಬ್ಬ ಪೇದೆ, ಬೆಂಗಳೂರಿನ ಬಸ್ಸು. ಹನ್ನೊಂದಕ್ಕೆ ಶುರುವಾಗಿ ಮೂರಕ್ಕೆ ಮುಗಿಯಿತು. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. ನಾನು ಈ ಮೇಜಿಗೆ ಬಂದ ಮೇಲೆ ಇವನು ನಲವತ್ತೊಂದನೆಯವನು. ಈ ತಾಲ್ಲೂಕಿನಿಂದ ಹುಚ್ಚಾಸ್ಪತ್ರೆಗೆ ಇರುವುದು ಒಂದೇ ಬಾಗಿಲು. ಅದರ ಚಿಲಕ ನನ್ನ ಮೇಜಿನ ಮೇಲಿದೆ ಎಂದರೆ ಜಂಬವಲ್ಲ, ವಾಸ್ತವ.

ಅಣ್ಣತಮ್ಮಂದಿರಲ್ಲಿ ಒಬ್ಬ ಸಹಿಗೆಂದು ನನ್ನ ಪೆನ್ನಿಗೆ ಕೈ ಚಾಚಿದ. ಕೊಡಲಿಲ್ಲ. ಬಿ.ಎ. ಪಾಸಾದಾಗ ನಮ್ಮಪ್ಪ ಕೊಡಿಸಿದ್ದು. ಬೇರೆ ಕೈಗೆ ಹೋದರೆ ನಿಬ್ಬು ಕೆಡುತ್ತದೆ. ದಫೇದಾರ ಲಾಲ್ ಬಾಷಾ ಹೆಬ್ಬೆಟ್ಟಿನ ಮಸಿ ತಂದಿಟ್ಟು, ನಾನೇ ಕಟ್ಟಿದ ಗಾದೆಯನ್ನು ಅವರಿಗೆ ಒಪ್ಪಿಸಿದ: "ಅರ್ಜಿ ಇಲ್ಲದೆ ಮರ್ಜಿ ಇಲ್ಲ, ಸಹಿ ಇಲ್ಲದೆ ಸಿಹಿ ಇಲ್ಲ." ಕನ್ನಡವನ್ನೇ ಐಚ್ಛಿಕವಾಗಿ ಓದಿ ಪದವಿ ಪಡೆದವನು ನಮ್ಮ ಹೋಬಳಿಯಲ್ಲಿ ನಾನೊಬ್ಬನೇ. ಅದರ ಫಲವಾಗಿ ತಾಲ್ಲೂಕಿಗೆ ಎರಡು ಸಾಲಿನ ಗಾದೆಯಾದರೂ ದಕ್ಕಿತು.

ಸಂಜೆ ಕೆಂಚಾರ್ಲಹಳ್ಳಿಯಿಂದ ಅಮ್ಮನ ಕಾಗದ. ತಂಗಿ ಅಮ್ಮಾಜಮ್ಮ ಗಂಡನ ಮನೆ ನಗರಗೆರೆಯಿಂದ ಮೂರನೆಯ ಸಲ ವಾಪಸು ಬಂದಿದ್ದಾಳಂತೆ. ಐದು ವರ್ಷದ ಮಗಳನ್ನು ಅವರು ಬಿಟ್ಟುಕೊಟ್ಟಿಲ್ಲವಂತೆ. ಹುಟ್ಟುಗುಣ ಸುಟ್ಟರೂ ಹೋಗದು.

೨೯ ಜನವರಿ, ಗುರುವಾರ

ಅಮ್ಮಾಜಿ ನಮ್ಮ ಮನೆಗೆ ಬಂದಳು. ಅಮ್ಮನೇ ತಂದು ಬಿಟ್ಟಳು. ಅಮ್ಮನ ಹೆಸರು ಅಕ್ಕಯ್ಯಮ್ಮ. ಊರಿಗೆಲ್ಲ ಅಕ್ಕ, ಮಗಳಿಗೆ ಮಾತ್ರ ತಕರಾರು.

ಆದದ್ದು ಇಷ್ಟು. ಊರಲ್ಲಿ ರೇಷ್ಮೆ ಹುಳ ನಾಲ್ಕನೆಯ ಜ್ವರ ದಾಟಿತ್ತು. ಹುಳ ಪೊರೆ ಬಿಡುವುದನ್ನು ನಮ್ಮವರು ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಆ ಹೊತ್ತಿನಲ್ಲಿ ಅಮ್ಮ, "ಗಂಡನ ಮನೇಲಿ ಬಾಳದೋಳು ಹುಳ ಏನು ಬಾಳಿಸ್ತೀಯ" ಎಂದಳಂತೆ. ಅಮ್ಮಾಜಿ ಹನ್ನೊಂದು ತಟ್ಟೆ ಮಗುಚಿದಳು. ಆಮೇಲೆ ಅವಳೇ ನೆಲಕ್ಕೆ ಕೂತು, ಅನ್ನ ನೀರು ಬಿಟ್ಟು, ಒಂದೊಂದೇ ಹುಳವನ್ನು ಅಂಗೈಗೆ ಎತ್ತಿಕೊಂಡು, "ತಪ್ಪಾಯ್ತು ಕಣಪ್ಪ, ತಪ್ಪಾಯ್ತು ಕಣಮ್ಮ" ಎಂದು ಕ್ಷಮೆ ಕೇಳುತ್ತ ಹೊತ್ತು ಮುಳುಗುವವರೆಗೆ ಆರಿಸಿ ಹಾಕಿದಳಂತೆ. ಹುಳದಲ್ಲಿ ಅಪ್ಪ ಯಾರು ಅಮ್ಮ ಯಾರು ಎಂದು ಅವಳಿಗೆ ಹೇಗೆ ಗೊತ್ತಾಯಿತೋ.

"ಮಗುಚಿದ್ದೂ ಅವಳೇ, ಅತ್ತಿದ್ದೂ ಅವಳೇ," ಎಂದಳು ಅಮ್ಮ. "ಏಮಿ ಚೇಸೇದಿ, ಏನ್ ಮಾಡೋದು, ಯಾವಳಿಗೇಂತ ಬುದ್ಧಿ ಹೇಳ್ಲಿ?"

ಹುಚ್ಚೆನ್ನಲು ಆಗದು. ಲೆಕ್ಕ, ನೆನಪು, ನಾಲಿಗೆ ಮೂರೂ ನನಗಿಂತ ಚುರುಕು. ಬೆಳಗ್ಗೆ ಬೆಣ್ಣೆ, ಸಂಜೆಗೆ ಕಾದ ಎಣ್ಣೆ, ಅಷ್ಟೇ. ಇಪ್ಪತ್ತೆಂಟು ವರ್ಷದಿಂದ ಹೀಗೇ.

ಅಮ್ಮಾಜಿ ನನ್ನ ಹೆಂಡತಿ ರಾಮಲಕ್ಷ್ಮಮ್ಮನ ಕೈ ಹಿಡಿದು, "ಅತ್ತಿಗೆ, ನಿಮ್ಮ ಸಾರು ತಿಂದ್ರೆ ಸತ್ತೋರೂ ಎದ್ದು ಕೂತ್ಕೋತಾರೆ" ಎಂದಳು.

"ಸತ್ತೋರು ಬೇಡ ಕಣಮ್ಮ. ಇರೋರಿಗೇ ಸಾರು ಸಾಲಲ್ಲ," ಎಂದಳು ರಾಮಲಕ್ಷ್ಮಮ್ಮ.

ಊಟಕ್ಕೆ ಕೂತಾಗ ಅಮ್ಮಾಜಿಯ ಸೆರಗು ಸರಿಯಿತು. ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಗೆರೆಗಳು. ಕೆಲವು ಹಳೆಯವು, ಎರಡು ಹೊಸವು. ಯಾರು ಸುಟ್ಟರು ಎಂದು ಕೇಳಿದೆ. "ಯಾರೂ ಇಲ್ಲ, ನಾನೇ. ಒಳಗೆ ಉರಿ ಜಾಸ್ತಿ ಆದಾಗ ಹೊರಗೆ ಇಟ್ಕೋತೀನಿ, ಒಂದ್ಚೂರು ತಡೀತದೆ," ಎಂದು ಹುಳಿ ಹಾಕಿಸಿಕೊಂಡಳು. ರಾಮಲಕ್ಷ್ಮಮ್ಮನಿಗೆ ಹೇಳಿ ತುಂಬು ತೋಳಿನ ರವಿಕೆ ಹೊಲಿಸಲು ಕೊಟ್ಟಿದ್ದೇನೆ. ಮನೆತನದ ಮರ್ಯಾದೆಗೆ ಎರಡು ಗಜ ಬಟ್ಟೆ ಹೆಚ್ಚಲ್ಲ.

೧೫ ಫೆಬ್ರವರಿ, ಭಾನುವಾರ

ಮಾಡಿದ ಮದ್ದುಗಳು. ಕಣಿಯವಳು ಬಾವಿಕಟ್ಟೆಯ ಗಾಳಿ ಎಂದಳು, ನಿಂಬೆಹಣ್ಣು ಕೊಯ್ದದ್ದಾಯಿತು. ಇಲ್ಲಿಯ ಡಾಕ್ಟರು ನಿದ್ದೆಯ ಮಿಕ್ಸ್ಚರು ಕೊಟ್ಟು, ಇನ್ನೊಂದು ಮಗುವಾದರೆ ಸರಿಹೋಗುತ್ತದೆ ಎಂದರು. ಮಗುವಾಗಲು ಗಂಡ ಬೇಕೆಂಬುದನ್ನು ಚೀಟಿಯಲ್ಲಿ ಬರೆಯಲಿಲ್ಲ. ಲಾಲ್ ಬಾಷಾ ಹೇಳಿದನೆಂದು ಅಮ್ಮ ಅವಳನ್ನು ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋಗಿದ್ದಳು. ಅಲ್ಲಿ ಮಾತ್ರ ಮೂರು ದಿನ ತೆಪ್ಪಗಿದ್ದಳಂತೆ. ಯಾಕೆ ಎಂದು ಕೇಳಿದರೆ, "ಅಲ್ಲಿ ಯಾರೂ ನನ್ನ ಯಾರ ಹೆಂಡ್ತಿ ಅಂತ ಕೇಳಲಿಲ್ಲ" ಎಂದಳು.

ದರ್ಗಾದಿಂದ ಬಂದ ಮರುದಿನವೇ ರಾಮಲಕ್ಷ್ಮಮ್ಮನ ತವರಿನ ಹಿತ್ತಾಳೆ ಕೊಡ ಅಂಗಳಕ್ಕೆ ಹಾರಿತು. ಕಾರಣ: ರಾಮಲಕ್ಷ್ಮಮ್ಮ ತನ್ನನ್ನು ಕರೆಯದೆ ನೀರಿಗೆ ಹೋದದ್ದು. "ನಿಮಗೂ ನಾನು ಬೇಡವಾದೆ." ಕೊಡದ ಹೊಟ್ಟೆ ಒಳಗೆ ಹೋಗಿದೆ. ರಾಮಲಕ್ಷ್ಮಮ್ಮ ಈಗಲೂ ಅದರಲ್ಲೇ ನೀರು ತರುತ್ತಿದ್ದಾಳೆ.

ಅಮ್ಮಾಜಿಯ ಗಂಡ ಕೋನಪ್ಪನ ಕಾಗದ ನಗರಗೆರೆಯಿಂದ. ಅಕ್ಷರ ದುಂಡಗೆ, ಮನಸ್ಸು ಅಷ್ಟಿಲ್ಲ. "ನೀವು ಕೋರ್ಟಿನಲ್ಲೇ ಇದ್ದೀರಿ. ಹುಚ್ಚಿ ಅಂತ ಒಂದು ಆರ್ಡರು ಮಾಡಿಸಿ ಕಳಿಸಿದರೆ ಎಲ್ಲರಿಗೂ ಅನುಕೂಲ. ಮಗು ಮುನಿಗಂಗಮ್ಮ ಇಲ್ಲೇ ಬೆಳೆಯುತ್ತಾಳೆ. ನಾನು ಮುಂದಿನದು ನೋಡಿಕೊಳ್ಳುತ್ತೇನೆ."

ಕಾಗದವನ್ನು ಬೀರುವಿನಲ್ಲಿಟ್ಟಿದ್ದೇನೆ.

೩ ಮಾರ್ಚ್, ಮಂಗಳವಾರ

ಬೀಗ ಹಾಕಬೇಕಿತ್ತು.

ಅಮ್ಮಾಜಿ ಕಾಗದ ಓದಿದ್ದಾಳೆ. ನಾನು ಕೋರ್ಟಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಎದುರು ನಿಂತಳು.

"ಮಾಡಿಸ್ತೀಯಾ ಅಣ್ಣಯ್ಯ, ಆರ್ಡರು?"

"ನಾನೇನು ಮಾಡ್ತೀನಿ ಅಂದ್ನಾ?"

"ಮಾಡಲ್ಲ ಅಂತಲೂ ಅನ್ನಲಿಲ್ಲ. ಬೀರುವಿನಲ್ಲಿ ಇಟ್ಟಿದ್ದೀಯ. ಬೇಡದ ಕಾಗದ ಒಲೆಗೆ ಹೋಗ್ತದೆ. ಬೇಕಾದ್ದೇ ಬೀರುವಿಗೆ ಹೋಗೋದು."

ಇಂಥ ಪಾಟೀಸವಾಲು ನಮ್ಮ ವಕೀಲರಿಂದ ನಾನು ಕೇಳಿಲ್ಲ. ಬಾಯಿಗೆ ಬಂದ ಗಾದೆ ಹೇಳಿದೆ. "ನಾನೇನು ಮಾಡ್ಲಮ್ಮ. ಹುಟ್ಟುಗುಣ ಸುಟ್ಟರೂ ಹೋಗದು."

ಅವಳು ರವಿಕೆಯ ತೋಳನ್ನು ಮೊಣಕೈವರೆಗೆ ಸರಿಸಿ ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು.

"ನೀನು ಬಾಯಲ್ಲಿ ಹೇಳ್ತೀಯ. ನಾನು ಮಾಡಿ ನೋಡಿದ್ದೀನಿ. ನಿಜ ಅಣ್ಣಯ್ಯ, ಹೋಗಲ್ಲ."



೪ ಮಾರ್ಚ್, ಬುಧವಾರ

ಬಾವಿ. ಬದುಕಿದ್ದಾಳೆ. ಲಾಲ್ ಬಾಷಾ ಇಳಿದು ಎತ್ತಿದ. ಇವತ್ತು ಪ್ರಾಸ ಬರುವುದಿಲ್ಲ.

೬ ಮಾರ್ಚ್, ಶುಕ್ರವಾರ

ಪೊಲೀಸ್ ಸಬ್‌ಇನ್‌ಸ್ಪೆಕ್ಟರು ಮನೆಗೇ ಬಂದರು. ಸಾಯಲು ಹೋಗುವುದು ಅಪರಾಧ. ಸತ್ತವರನ್ನು ಬಿಟ್ಟು ಬದುಕಿದವರನ್ನು ಹಿಡಿಯುವ ಕಾಯಿದೆ ಅದು. ಆದರೆ ಮನುಷ್ಯ ಒಳ್ಳೆಯವರು. "ನಾನು ಕೇಸು ಬರಿಯಲ್ಲ ಗುಮಾಸ್ತರೇ. ಹತ್ತು ದಿನ ಟೈಮು. ಆಸ್ಪತ್ರೆಗೆ ಸೇರಿಸಿದ ಕಾಗದ ತಂದು ತೋರ್ಸಿ ಸಾಕು. ದಾರಿ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ದಾರಿ ಗೊತ್ತು. ಆ ದಾರಿಯಲ್ಲಿ ಹೋದರೆ ಕೋನಪ್ಪನಿಗೆ ಬೇಕಾದ ಆರ್ಡರು ನನ್ನ ಕೈಯಿಂದಲೇ ಸಿಕ್ಕಂತೆ. ಅಮ್ಮಾಜಿಗೆ ಮುನಿಗಂಗಮ್ಮ ತಪ್ಪಿದಂತೆ. ಹೋಗದಿದ್ದರೆ ಕೇಸು, ಅಥವಾ ಇನ್ನೊಂದು ಬಾವಿ.

ಅರ್ಜಿ ಬರೆಯಲು ಕೂತೆ. ನಲವತ್ತೊಂದು ಬರೆದವನಿಗೆ ನಲವತ್ತೆರಡನೆಯದು ಕಷ್ಟವಾಗಬಾರದು. "ಹುಚ್ಚಿನ ಲಕ್ಷಣಗಳು" ಎಂಬ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಯಾವ ಲಕ್ಷಣ? ಹುಳಕ್ಕೆ ಕ್ಷಮೆ ಕೇಳಿದ್ದೇ? ಎರಡು ಗಂಟೆ ಯೋಚಿಸಿ, ಆಸ್ಪತ್ರೆಯೂ ಸಿಗಬೇಕು, ಹುಚ್ಚಿ ಎಂದೂ ಆಗಬಾರದು ಎಂಬಂತೆ ಒಂದು ವಾಕ್ಯ ಕೂಡಿಸಿದೆ: "ಇದು ಈಕೆಯ ಗುಣವೇ ಹೊರತು ಹುಚ್ಚಲ್ಲ, ಆದರೂ ಚಿಕಿತ್ಸೆಗೆ ಅರ್ಹ." ತೂಕ ನೋಡಿದೆ. ಅಕ್ಷರ ನೋಡಿದೆ. ಇದಕ್ಕಿಂತ ನಯವಾದ ವಾಕ್ಯ ಈ ಕೋರ್ಟಿನ ಕಡತದಲ್ಲಿ ಇರಲಾರದು.

೯ ಮಾರ್ಚ್, ಸೋಮವಾರ

ವಾಕ್ಯ ಮುಳುಗಿಸಿತು.

ಸಾಹೇಬರು ಕನ್ನಡ ಅರ್ಜಿಯ ನೆತ್ತಿಗೆ ಚುಚ್ಚಿದ ಇಂಗ್ಲಿಷ್ ಸಾರಾಂಶವನ್ನೇ ಓದುವುದು. ಆ ಸಾರಾಂಶ ಬರೆಯುವವನು ನಾನೇ. ಈ ಸಲ ನಾನೇ ಅರ್ಜಿದಾರನಾದ್ದರಿಂದ ಎರಡನೆಯ ಗುಮಾಸ್ತ ಚಲಪತಿ ಬರೆದ. "ಗುಣವೇ ಹೊರತು ಹುಚ್ಚಲ್ಲ" ಎಂಬುದನ್ನು ಅವನು "ಗುಣವಾಗಿದೆ, ಈಗ ಹುಚ್ಚಿಲ್ಲ" ಎಂಬ ಅರ್ಥಕ್ಕೆ ಇಳಿಸಿದ್ದಾನೆ.

"ವಾಸಿಯಾದವರನ್ನು ಆಸ್ಪತ್ರೆಗೆ ಯಾಕೆ ಕಳಿಸ್ತೀರಿ ವೆಂಕಟರವಣಪ್ಪ?" ಎಂದರು ಸಾಹೇಬರು. ಆದರೂ ಖುದ್ದು ನೋಡೋಣವೆಂದು ಅವಳನ್ನು ಛೇಂಬರಿಗೆ ಕರೆಸಿದರು. ವಾರ ಯಾವುದು, ಊರು ಯಾವುದು ಕೇಳಿದರು. ಹೇಳಿದಳು.

"ರೂಪಾಯಿಗೆ ಪೈಸೆ ಎಷ್ಟಮ್ಮ?"

"ಹಳೇದಾ, ಹೊಸದಾ ಸ್ವಾಮಿ? ಹಳೇದು ಅರವತ್ನಾಲ್ಕು, ಹೊಸದು ನೂರು. ಅಂಗಡಿಯೋನು ಕೊಡುವಾಗ ಹಳೇದು, ಈಸ್ಕೊಳ್ಳುವಾಗ ಹೊಸದು."

ಸಾಹೇಬರು ನಕ್ಕು ಅರ್ಜಿ ವಜಾ ಮಾಡಿದರು. ಇಷ್ಟು ಸ್ಪಷ್ಟ ತಲೆ ಈ ಕಟ್ಟಡದಲ್ಲಿ ಎರಡಿದ್ದರೆ ಹೆಚ್ಚು ಎಂದರು. ಇನ್ನೊಂದು ಯಾರದೆಂದು ಹೇಳಲಿಲ್ಲ.

ಚಲಪತಿಯನ್ನು ಹೊರಗೆ ಹಿಡಿದುಕೊಂಡೆ. ಪಾಪ, ಬೆವರಿದ್ದ. "ಸಾರ್, ಗುಣ ಅಂದ್ರೆ ವಾಸಿ ಅಲ್ವಾ? ನಮ್ಮಜ್ಜಿಗೆ ಜ್ವರ ಗುಣ ಆಯ್ತು ಅಂತೀವಲ್ಲ?"

ಅಲ್ಲ ಎನ್ನಲು ಬಾಯಿ ತೆರೆದೆ. ಹೌದೆನ್ನದೆ ಬೇರೆ ದಾರಿ ಕಾಣಲಿಲ್ಲ. ಹುಟ್ಟಿನಿಂದ ಬಂದದ್ದೂ ಗುಣ, ಕಾಯಿಲೆ ಹೋದದ್ದೂ ಗುಣ. ಕನ್ನಡವನ್ನೇ ಐಚ್ಛಿಕವಾಗಿ ಓದಿದವನ ಕಣ್ಣಿಗೆ ಇದು ನಲವತ್ತೈದನೆಯ ವಯಸ್ಸಿನಲ್ಲಿ ಬಿತ್ತು.

ಮನೆಗೆ ಬರುತ್ತ ಅಮ್ಮಾಜಿಗೆ ಆದ ಫಜೀತಿ ಹೇಳಿದೆ. ರಸ್ತೆಯಲ್ಲೇ ನಿಂತುಬಿಟ್ಟಳು. ಸಿಡಿಯುತ್ತಾಳೆ ಎಂದುಕೊಂಡೆ. ನಕ್ಕಳು, ಬಂದ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು.

"ನಿನ್ನ ಕನ್ನಡ ಜಾಸ್ತಿ ಆಯ್ತು ಅಣ್ಣಯ್ಯ." ಆಮೇಲೆ ಕಣ್ಣೊರೆಸಿಕೊಂಡು, "ಜ್ವರಕ್ಕೆ ಆಸ್ಪತ್ರೆ ಐತೆ. ಹುಚ್ಚಿಗೆ ಐತೆ. ಗುಣಕ್ಕೆ ಗುಣ ಮಾಡೋ ಆಸ್ಪತ್ರೆ ಎಲ್ಲೂ ಇಲ್ವಾ?"

ಇಪ್ಪತ್ತು ವರ್ಷ ಪ್ರಾಸ ಹೊಸೆದವನು ನಾನು. ಗುಣಕ್ಕೆ ಗುಣ, ಈ ಐದು ಅಕ್ಷರ ನನಗೆ ಹೊಳೆದಿರಲಿಲ್ಲ. ನಾಲ್ಕನೆಯ ಕ್ಲಾಸು ಓದಿದವಳಿಗೆ ಹೊಳೆಯಿತು. ನಮ್ಮ ಮನೆತನ ಸಾಮಾನ್ಯದ್ದಲ್ಲ.

೧೦ ಮಾರ್ಚ್, ಮಂಗಳವಾರ

ಲಾಲ್ ಬಾಷಾ ಮಧ್ಯಾಹ್ನ ಟೀ ತಂದಿಟ್ಟು ಹೋಗದೆ ನಿಂತ.

"ಸಾಬ್, ಒಂದು ಮಾತು. ಆಸ್ಪತ್ರೆಗೆ ಹೋಗೋಕೆ ನಮ್ಮ ಕೋರ್ಟು ಯಾಕೆ?"

"ಮತ್ತೆ ಕಾಂಪೌಂಡು ಹಾರಿ ಹೋಗ್ತಾರಾ?"

"ಗೇಟಲ್ಲಿ ಹೋಗೋದು ಸಾಬ್. ನನ್ನ ತಂಗಿ ದಿಲ್ಷಾದ್ ಬೇಗಂ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೀತಾಳಲ್ಲ, ಹೋದ ವರ್ಷ ತಾನೇ ಹೋದ್ಲು. ನನ್ನ ಸೇರಿಸ್ಕೊಳ್ಳಿ ಅಂತ ತಾನೇ ಕೇಳಿ, ತಾನೇ ಕಾಗದಕ್ಕೆ ಸಹಿ ಹಾಕಿದ್ಲು. ಮೂರು ತಿಂಗಳಿದ್ದು ಬಂದ್ಲು. ಜಡ್ಜಿ ಇಲ್ಲ, ಪೊಲೀಸ್ ಇಲ್ಲ. ಆರ್ಡರೇ ಇಲ್ಲ."

ಕಾಯಿದೆ ಪುಸ್ತಕ ತೆಗೆದೆ. ಇದೆ. ಮೊದಲ ಪುಟಗಳಲ್ಲೇ, ನಾಲ್ಕನೆಯ ಸೆಕ್ಷನ್ನು. ತಾನಾಗಿ ಬಂದು ಕೇಳಿಕೊಂಡರೆ, ಆಸ್ಪತ್ರೆ ಮೇಲ್ವಿಚಾರಣೆಯ ವಿಸಿಟರುಗಳಲ್ಲಿ ಇಬ್ಬರು ಒಪ್ಪಿದರೆ, ಸೇರಿಸಿಕೊಳ್ಳಬಹುದು. ನಾನು ಯಾವಾಗಲೂ ಪುಸ್ತಕವನ್ನು ತೆರೆಯುತ್ತಿದ್ದದ್ದು ಆರ್ಡರಿನ ನಮೂನೆ ಇರುವ ಕೊನೆಯ ಹಾಳೆಗಳಲ್ಲಿ. ನನ್ನ ಮೇಜಿನ ಮುಂದೆ ಹಾಯದ ಬಾಗಿಲು ನನಗೆ ಬಾಗಿಲೇ ಆಗಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ ಬಾಷಾ?"

"ನೀವು ಕೇಳಲಿಲ್ಲ ಸಾಬ್. ನಲವತ್ತೊಂದು, ನಲವತ್ತೊಂದು ಅಂತ ಲೆಕ್ಕ ಹೇಳ್ತಿದ್ರಿ. ದಿಲ್ಷಾದ್‌ನ ಅದರಲ್ಲಿ ಸೇರಿಸಿಬಿಡ್ತೀರೇನೋ ಅಂತ."

ಟೀ ಆರಿತ್ತು. ಕುಡಿದೆ.

ಮನೆಯಲ್ಲಿ ಅಮ್ಮಾಜಿಗೆ ಹೇಳಿದೆ. ಕಟ್ಟುವವರಿಲ್ಲ, ಕಳಿಸುವವರಿಲ್ಲ, ಅವಳೇ ಹೋಗಬೇಕು, ಅವಳೇ ಕೇಳಬೇಕು. "ನಡುದಾರೀಲಿ ನನ್ನ ಬುದ್ಧಿ ತಿರುಗಿದ್ರೆ?" ಎಂದಳು.

"ತಿರುಗಿದ್ರೆ ವಾಪಸ್ ಬರೋಣ."

ಇದನ್ನು ನಾನೇ ಹೇಳಿದ್ದೋ ಎಂದು ರಾಮಲಕ್ಷ್ಮಮ್ಮ ಅಡಿಗೆ ಮನೆಯಿಂದ ಇಣುಕಿ ನೋಡಿದಳು.

೧೨ ಮಾರ್ಚ್, ಗುರುವಾರ. ಬೆಂಗಳೂರು, ಛತ್ರ

ವಿವರವಾಗಿ ಬರೆಯಬೇಕು. ಒಂದು ಅಕ್ಷರ ಬಿಡಬಾರದು.

ಬೆಳಗಿನ ಬಸ್ಸು. ರಾಮಲಕ್ಷ್ಮಮ್ಮ ಚಿತ್ರಾನ್ನ ಕಟ್ಟಿಕೊಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಪೇದೆಯೊಬ್ಬ ಹಗ್ಗ ಬೇಕಾದೀತೇನೋ ಎಂದು ಕಿವಿಯಲ್ಲಿ ಕೇಳಿದ. ಅವನದು ಸದುದ್ದೇಶ. ಬೇಡವೆಂದೆ.

ಹೊಸಕೋಟೆಯವರೆಗೆ ಚೆನ್ನಾಗಿಯೇ ಇದ್ದಳು. ಅಲ್ಲಿ ಬಸ್ಸು ನಿಂತಾಗ ಸೆಕೆಗೆ ರವಿಕೆಯ ತೋಳು ಮೇಲೆ ಮಡಿಸಿದಳು. ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿತು. ನಾನು ಅಭ್ಯಾಸಬಲದಿಂದ, "ಕೈ ಮುಚ್ಕೋ ಅಮ್ಮಾಜಿ" ಎಂದೆ.

ಇಳಿದು ಹೊರಟುಹೋದಳು. ಚಿತ್ರಾನ್ನದ ಗಂಟನ್ನು ನನ್ನ ತೊಡೆಗೆ ಎಸೆದು, "ನಿನಗೆ ಬೇಕಾಗಿರೋದು ನಾನು ವಾಸಿ ಆಗೋದಲ್ಲ, ಕಾಣದೇ ಇರೋದು" ಎಂದು, ತಿರುಗಿ ನೋಡದೆ, ಚಿಂತಾಮಣಿಯ ದಿಕ್ಕಿಗೆ.

ನಾನೂ ಇಳಿದೆ. ಬಸ್ಸು ಹೋಯಿತು. ಹೋಗಿ ಹಿಡಿದುಕೊಳ್ಳಬಹುದಿತ್ತು. ಅಲ್ಲೇ ಠಾಣೆಯಿತ್ತು, ಹೇಳಿದ್ದರೆ ಎರಡು ನಿಮಿಷದ ಕೆಲಸ. ನಲವತ್ತೊಂದು ಮಂದಿಯನ್ನು ಹಾಗೇ ಕಳಿಸಿದ್ದು. ಆಲದ ಮರದ ಕೆಳಗೆ ಗಂಟು ಇಟ್ಟುಕೊಂಡು ಕೂತೆ. ಎರಡು ಬಸ್ಸು ಹೋದವು. ಮೂರನೆಯ ಬಸ್ಸೂ ಹೋಯಿತು. ಅವಳು ಹೇಳಿದ್ದು ಸುಳ್ಳೆಂದು ತೋರಿಸಲು ಒಂದು ವಾದ ಹುಡುಕಿದೆ. ಬಿ.ಎ. ಪದವಿಗೆ ನಿಲುಕುವ ವಾದ ಯಾವುದೂ ಸಿಗಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಪಕ್ಕದಲ್ಲಿ ಬಂದು ಕೂತಳು. ಕಾಲೆಲ್ಲ ಧೂಳು.

"ಟಿಕೆಟ್ ಇನ್ನೂ ಇಟ್ಕೊಂಡಿದ್ದೀಯಾ?"

"ಅದು ಹೋಯ್ತು. ಬೇರೆ ತಗೊಳ್ಳಣ."

"ಎರಡು ಮೈಲಿ ಹೋಗಿದ್ದೆ. ನೀನು ಅಟ್ಟಿಸ್ಕೊಂಡು ಬರ್ತೀಯ ಅಂತ ತಿರುತಿರುಗಿ ನೋಡ್ದೆ. ಬರಲಿಲ್ಲ. ಆಮೇಲೆ ಯಾರ ಮೇಲೆ ಕೋಪ ಮಾಡ್ಕೊಳ್ಳೋದು ಗೊತ್ತಾಗಲಿಲ್ಲ." ಗಂಟು ಬಿಚ್ಚಿ, "ಅತ್ತಿಗೆ ಕಡ್ಲೆಬೀಜ ಜಾಸ್ತಿ ಹಾಕಿದಾರೆ" ಎಂದಳು. ಇಬ್ಬರೂ ತಿಂದೆವು. ತೋಳು ಮಡಿಸಿದ್ದು ಹಾಗೇ ಇತ್ತು. ಈ ಸಲ ನಾನು ಬೇರೆ ಕಡೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಕೌಂಟರಿನ ಗುಮಾಸ್ತ ನನ್ನನ್ನು ನೋಡಿ, "ಪೇಷೆಂಟು ಎಲ್ಲಿ? ಕಟ್ಟಿದೀರಾ, ವ್ಯಾನಿನಲ್ಲಿದ್ದಾರಾ?" ಎಂದ.

"ನಾನೇ," ಎಂದಳು ಅಮ್ಮಾಜಿ. "ನಾನೇ ಬಂದಿದ್ದೀನಿ."

ಅರ್ಜಿ ನಾನು ಬರೆಯತೊಡಗಿದೆ. "ಚಿತ್ತಸ್ವಾಸ್ಥ್ಯದ ನಿಮಿತ್ತ ತಮ್ಮ ಸನ್ನಿಧಾನದಲ್ಲಿ ವಿನಮ್ರಳಾಗಿ" ಎಂಬಲ್ಲಿಗೆ ಓದಿಸಿ ಕೇಳಿದಳು.

"ಇದು ಯಾರು ಹೇಳಿದ್ದು? ನಾನಾ? ನಾನು ಹೇಳಿದ್ದು ಬರಿ. ಇಷ್ಟು ವರ್ಷ ಯಾರ್ಯಾರು ಹೇಳಿದ್ದೋ ಬರ್ದಿದ್ದೀಯ, ನಾನು ಹೇಳಿದ್ದು ಬರಿಯೋಕಾಗಲ್ವಾ?"

ಹೇಳಿದ್ದನ್ನು ಬರೆದೆ. ಇದು ಪೂರ್ತಿ ಪಾಠ: "ಕೋಪ ಬಂದಾಗ ನನ್ನ ಕೈ ನನ್ನ ಮಾತು ಕೇಳಲ್ಲ. ಕೇಳೋ ಹಂಗೆ ಮಾಡಿ. ನನಗೆ ಒಬ್ಬಳು ಮಗಳಿದ್ದಾಳೆ. ನಾನೇ ಬಂದಿದ್ದೀನಿ." ನನ್ನ ಸರ್ವೀಸಿನಲ್ಲಿ ಇಷ್ಟು ಚಿಕ್ಕ ಅರ್ಜಿ ಬರೆದಿಲ್ಲ. ತಿದ್ದಲು ಜಾಗವೇ ಇಲ್ಲ.

ಗುಮಾಸ್ತ ಹೆಬ್ಬೆಟ್ಟಿನ ಮಸಿ ಮುಂದಿಟ್ಟ. ಅವಳು ಅದನ್ನು ಹಿಂದಕ್ಕೆ ತಳ್ಳಿ ನನ್ನ ಜೇಬಿನ ಕಡೆ ಕೈ ಚಾಚಿದಳು. ಪೆನ್ನು ಕೊಟ್ಟೆ. ಅವಳು ಬರೆಯುವುದು ನೇಗಿಲು ಒತ್ತಿ ಹಿಡಿದಂತೆ. ಅ, ಮ್ಮಾ, ಜ, ಮ್ಮ. "ಜ"ಗೆ ಬಂದಾಗ ನಿಬ್ಬು ಕಿರ್ರೆಂದಿತು. ನನ್ನ ಎದೆ ಎಂದುಕೊಂಡೆ, ನಿಬ್ಬು.

ಚಿಕ್ಕ ವಯಸ್ಸಿನ ಡಾಕ್ಟರು ಒಂದು ಗಂಟೆ ಅವಳನ್ನೇ ಕೇಳಿದರು. ನಾನು ನಡುವೆ ಬಾಯಿ ಹಾಕಿದಾಗಲೆಲ್ಲ ಕೈ ತೋರಿಸಿ ಸುಮ್ಮನಾಗಿಸಿದರು. ಕೊನೆಗೆ ನನಗೆ ಹೇಳಿದರು: "ಇದು ಹುಚ್ಚಲ್ಲ. ಇವರ ಪರ್ಸನಾಲಿಟಿಗೇ ಆಗಿರೋ ತೊಂದರೆ. ಇಂಥವರು ನಮ್ಮ ಹತ್ತಿರ ಬರೋದೇ ಕಡಿಮೆ. ಬಂದರೂ ಪೊಲೀಸರ ಜೊತೆ, ಇಲ್ಲಾ ಬಾವಿಯಿಂದ ಎತ್ತಿದ ಮೇಲೆ. ಔಷಧಿಗಿಂತ ಮಾತು ಹೆಚ್ಚು ಬೇಕು. ಟೈಮು ಬೇಕು."

"ಗುಣ ಆಗ್ತದಾ ಸಾರ್?" ಎಂದೆ.

"ಪೂರ್ತಿ ಅಂತ ಹೇಳಲ್ಲ. ಆದರೆ ತಾವಾಗಿ ಬಂದಿದ್ದಾರಲ್ಲ, ಅರ್ಧ ದಾರಿ ಬಂದ ಹಾಗೆ."

ಅರ್ಧ ದಾರಿಯಲ್ಲ ಸ್ವಾಮಿ, ಎರಡು ಮೈಲಿ ಹೆಚ್ಚಿಗೇ ಬಂದಿದ್ದಾಳೆ ಎನ್ನಬೇಕೆನಿಸಿತು.

ವಿಸಿಟರುಗಳ ಒಪ್ಪಿಗೆ ನಾಳೆ. ಅಲ್ಲಿಯವರೆಗೆ ಒಳಗೆ ಒಂದು ಮಂಚ ಕೊಟ್ಟಿದ್ದಾರೆ. ಹೋಗುವಾಗ ಅವಳನ್ನು ಯಾರೂ ಹಿಡಿದುಕೊಂಡಿರಲಿ‌ಲ್ಲ. ಮುಂದೆ ನರ್ಸು, ಹಿಂದೆ ಅವಳು, ಕೈ ಬೀಸಿಕೊಂಡು. ನಮ್ಮ ಮನೆಯಿಂದ ಮೈಸೂರಿಗೆ ಪದವಿಗೆಂದು ಮೊದಲು ಹೋದವನು ನಾನು. ಅಪ್ಪ ಅವತ್ತು ಊರಿಗೆಲ್ಲ ಸಕ್ಕರೆ ಹಂಚಿದರು. ಇವತ್ತು ಹಂಚಲು ನನಗೆ ಇಲ್ಲಿ ಯಾರೂ ಪರಿಚಯವಿಲ್ಲ. ಒಬ್ಬನೇ ಹೋಗಿ ಮೈಸೂರು ಪಾಕು ತಿಂದೆ. ಸಹಿ ಇಲ್ಲದೆ ಸಿಹಿ ಇಲ್ಲ.

೧೪ ಮಾರ್ಚ್, ಶನಿವಾರ

ಒಪ್ಪಿಗೆ ಬಂತು. ಸೇರಿಸಿಕೊಂಡ ಕಾಗದವನ್ನು ಸಬ್‌ಇನ್‌ಸ್ಪೆಕ್ಟರಿಗೆ ತೋರಿಸಿದೆ. "ಮ್ಯಾಜಿಸ್ಟ್ರೇಟ್ ಆರ್ಡರು ಎಲ್ಲಿ?" ಎಂದರು. ಇಲ್ಲ, ತಾನಾಗಿ ಹೋದದ್ದು ಎಂದೆ. "ಹಂಗೂ ಹೋಗ್ತಾರಾ?" ಎಂದರು. "ನಮ್ಮ ಮನೆಯವರು ಹೋಗ್ತಾರೆ," ಎಂದೆ.

೧೮ ಏಪ್ರಿಲ್, ಶನಿವಾರ

ಕೋನಪ್ಪ ಗೌರಿಬಿದನೂರಿಂದ ಬಸ್ಸು ಹಿಡಿದು ಬಂದ. ಹುಚ್ಚಾಸ್ಪತ್ರೆಗೆ ಸೇರಿಸಿದ ಸುದ್ದಿ ಅವನಿಗೆ ಮುಟ್ಟಿತ್ತು. ಆರ್ಡರಿನ ನಕಲು ಬೇಕೆಂದ.

"ಆರ್ಡರು ಇಲ್ಲ ಭಾವ. ಇದೊಂದೇ ಕಾಗದ," ಎಂದು ಅವಳ ಅರ್ಜಿಯ ನಕಲು ಕೊಟ್ಟೆ.

ಓದಿದ. ನಾಲ್ಕು ಸಾಲಿಗೆ ಅಷ್ಟು ಹೊತ್ತು ಬೇಡ.

"ಇದರಲ್ಲಿ ಹುಚ್ಚಿ ಅಂತ ಎಲ್ಲಿದೆ?"

"ಎಲ್ಲೂ ಇಲ್ಲ. ಮಗಳಿದ್ದಾಳೆ ಅಂತ ಇದೆ, ಮೂರನೇ ವಾಕ್ಯ."

ರಾಮಲಕ್ಷ್ಮಮ್ಮ ಒಳಗಿನಿಂದ, "ಕೋನಪ್ಪ, ನಿಮಗೆ ಕೋಪ ಬಂದಾಗ ನಿಮ್ಮ ಕೈ ಯಾರ ಮಾತು ಕೇಳ್ತಿತ್ತಪ್ಪ?" ಎಂದಳು. ಅವಳು ಗಟ್ಟಿಯಾಗಿ ಮಾತಾಡುವವಳಲ್ಲ. ಹೊಟ್ಟೆ ಒಳಹೋದ ಕೊಡದಿಂದ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟಳು.

ನೀರು ಕುಡಿದು, ಭೇಟಿಯ ದಿನ ಯಾವುದೆಂದು ಕೇಳಿಕೊಂಡು ಹೋದ.

೭ ಜೂನ್, ಭಾನುವಾರ

ಅಮ್ಮಾಜಿಯದೇ ಕೈಬರಹದ ಕಾಗದ. ಮೊದಲ ಸಲ. ಇಲ್ಲಿ ಇಳಿಸಿಕೊಳ್ಳುತ್ತೇನೆ.

"ಅಣ್ಣಯ್ಯ, ಮೊನ್ನೆ ಮುನಿಗಂಗಮ್ಮನ್ನ ಅವರಪ್ಪ ಕರಕೊಂಡು ಬಂದಿದ್ದರು. ಮೊದಲು ಹತ್ತಿರ ಬರಲಿಲ್ಲ. ಆಮೇಲೆ ಕೈ ಮೇಲಿನ ಗೆರೆ ಎಣಿಸಿದಳು. ಎಣಿಸೋದು ಚೆನ್ನಾಗಿ ಕಲತಿದಾಳೆ. ಹೋದ ವಾರ ಒಂದು ಲೋಟ ಎಸೆದೆ. ಎಸೆಯೋ ಮುಂಚೆ ಮೂರು ಸಲ ಎಸೆಯಲಿಲ್ಲ, ಅದನ್ನೂ ಬರಕೊಳ್ಳಿ ಅಂತ ಡಾಕ್ಟರಿಗೆ ಹೇಳಿದೆ. ಬರಕೊಂಡರು. ನೀನು ಹೇಳೋ ಗಾದೆ ಸುಳ್ಳಲ್ಲ ಅಣ್ಣಯ್ಯ. ಸುಟ್ಟರೆ ಹೋಗಲ್ಲ. ಇಲ್ಲಿ ಸುಡಲ್ಲ, ಕೇಳತಾರೆ. ಕೇಳಿದರೆ ಒಂದಷ್ಟು ಹೋಗತದೆ."

ಏಳು ಕಾಗುಣಿತದ ತಪ್ಪು. ಕೆಂಪು ಪೆನ್ಸಿಲು ಕೈಯಲ್ಲಿತ್ತು. ತಿದ್ದಲಿಲ್ಲ. ನಾಳೆ ಲಾಲ್ ಬಾಷಾನಿಗೆ ಓದಿ ಹೇಳಬೇಕು. ದಿಲ್ಷಾದ್ ಬೇಗಂಗೂ ತಲುಪಿಸು ಎನ್ನಬೇಕು. ಸಾಹೇಬರಿಗೂ ತೋರಿಸಿದರೆ ತಪ್ಪೇನಿಲ್ಲ.

೬ ಜುಲೈ, ಸೋಮವಾರ

ನಿಬ್ಬು "ಜ" ಬರೆಯುವಾಗಲೆಲ್ಲ ಕಿರ್ರೆನ್ನುತ್ತದೆ. ಹೊಸದು ಹಾಕಿಸಿ ಎಂದು ಚಲಪತಿ ಹೇಳುತ್ತಾನೆ. ನೋಡೋಣ.

ಇವತ್ತು ಮಧ್ಯಾಹ್ನ ಹಳ್ಳಿಯೊಂದರಿಂದ ಗಾಡಿ ಬಂತು. ಒಳಗೆ ಮೂವತ್ತರ ಪ್ರಾಯದವನು, ಕೈ ಹಿಂದಕ್ಕೆ ಕಟ್ಟಿದ್ದರು. ಜೊತೆಗೆ ಅಣ್ಣ, ಚಿಕ್ಕಪ್ಪ. ಚಿಕ್ಕಪ್ಪ ಹೇಳಿದ: ಹುಚ್ಚೇನೂ ಇಲ್ಲ ಸ್ವಾಮಿ, ಕೋಪ ಬಂದರೆ ಮನೆಯವರನ್ನು ಬಿಟ್ಟು ತನ್ನನ್ನೇ ಹೊಡೆದುಕೊಳ್ಳುತ್ತಾನೆ, ಹೊಡೆದುಕೊಂಡ ಮೇಲೆ ಎಲ್ಲರ ಕಾಲಿಗೆ ಬೀಳುತ್ತಾನೆ, ಹುಟ್ಟುಗುಣ.

ಲಾಲ್ ಬಾಷಾ ರಿಜಿಸ್ಟರು ತೆರೆದು, "ಸಾಬ್, ಇದು ನಲವತ್ತೆರಡನೇದಾ?" ಎಂದ. ಬೇಕೆಂದೇ ಕೇಳಿದ, ಅವನ ಮೀಸೆ ನೋಡಿದರೆ ಗೊತ್ತಾಗುತ್ತಿತ್ತು.

"ಹೆಸರೇನಪ್ಪ?" ಎಂದೆ ಕಟ್ಟಿದವನನ್ನು.

ಅವನು ಚಿಕ್ಕಪ್ಪನ ಮುಖ ನೋಡಿದ. ಆಮೇಲೆ ತಾನೇ ಹೇಳಿದ. "ಮುನಿಗಂಗಪ್ಪ."

"ಆಸ್ಪತ್ರೆಗೆ ಹೋಗ್ತಾನಾ ಅಂತ ಮುನಿಗಂಗಪ್ಪನ್ನ ಕೇಳಿದ್ರಾ?"

ಅಣ್ಣ ಚಿಕ್ಕಪ್ಪನನ್ನು ನೋಡಿದ, ಚಿಕ್ಕಪ್ಪ ಗಾಡಿಯವನನ್ನು ನೋಡಿದ. ಯಾರಿಗೂ ಆ ಯೋಚನೆ ಬಂದಿರಲಿಲ್ಲ. ನಾನು ಕೈ ಬಿಚ್ಚಿಸಿ, ನೀರು ಕುಡಿಸಿ, ಪುಸ್ತಕದ ಮೊದಲ ಪುಟಗಳನ್ನು ತೆರೆದೆ. ಓದಿ ಹೇಳಿದೆ. ಕೇಳಿಸಿಕೊಂಡ. ಎರಡು ಸಲ ಓದಿಸಿದ.

"ಸಹಿ ಬರ್ತದಾ?"

"ಬರ್ತದೆ ಸ್ವಾಮಿ. ಸೊಟ್ಟ."

"ಪರವಾಗಿಲ್ಲ," ಎಂದು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕಡೆಗಿಟ್ಟೆ. "ನಿಬ್ಬೂ ಸೊಟ್ಟಾನೇ."